ಬಿಸಿಲು, ನೀರು, ಗಾಳಿ: ಹೈಡ್ರೊಜನ್ ಪೆರಾಕ್ಸೈಡಿನ ತಯಾರಿಕೆಯ ಇತಿಹಾಸದಲ್ಲಿ ಲೋಹದ ಸ್ಥಾನ

೧

ರಸಾಯನಶಾಸ್ತ್ರಕ್ಕೆ ಸೇರಿದ ವಿಷಯವೊಂದನ್ನು ಇತಿಹಾಸದ ಅಧ್ಯಾಪಕರು ಕೈಗೆತ್ತಿಕೊಳ್ಳುವುದು ಅನಧಿಕಾರ ಪ್ರವೇಶವೆಂದು ಕೆಲವರಿಗೆ ತೋರಬಹುದು. ಆದರೆ ರಾಜ್ಯಗಳಿಗೂ ಶಾಸನಗಳಿಗೂ ಇತಿಹಾಸವಿರುವಂತೆ ಔಷಧದಂಗಡಿಯ ಸೀಸೆಯೊಳಗಿನ ದ್ರವಕ್ಕೂ ಇತಿಹಾಸವಿದೆ. ಅದರ ಆಧಾರಗಳನ್ನು ಪರಿಶೀಲಿಸುವ ಕ್ರಮವೂ ಬೇರೆಯಲ್ಲ. ಯಾವ ಮಾತನ್ನು ಯಾರು, ಯಾವಾಗ, ಯಾವ ಆಧಾರದ ಮೇಲೆ ಹೇಳಿದರು ಎಂದು ಕೇಳುವುದೇ ಎರಡು ಕಡೆಯೂ ಮೊದಲ ಕೆಲಸ.

ಗಾಯದ ಮೇಲೆ ಹಾಕಿದೊಡನೆ ಬೆಳ್ಳನೆಯ ನೊರೆಯನ್ನೆಬ್ಬಿಸುವ ಹೈಡ್ರೊಜನ್ ಪೆರಾಕ್ಸೈಡನ್ನು ಕಾಣದವರು ವಿರಳ. ನೀರಿನ ಅಣುವಿನಲ್ಲಿ ಎರಡು ಜಲಜನಕದ ಪರಮಾಣುಗಳ ಜೊತೆಗೆ ಆಮ್ಲಜನಕದ ಪರಮಾಣು ಒಂದಿದ್ದರೆ, ಇದರಲ್ಲಿ ಎರಡಿವೆ. ಹೆಚ್ಚಿನದಾದ ಆ ಒಂದು ಪರಮಾಣುವಿನ ನೆಲೆ ಭದ್ರವಲ್ಲ. ಅದು ಕಳಚಿಕೊಂಡು ಹೋಗುವಾಗ ಬಣ್ಣವನ್ನು ಅಳಿಸುತ್ತದೆ, ರೋಗಾಣುವನ್ನು ಕೊಲ್ಲುತ್ತದೆ. ಹಿಂದೆ ಉಳಿಯುವುದು ಬರಿಯ ನೀರು. ಬಟ್ಟೆಯನ್ನೂ ಕಾಗದದ ತಿರುಳನ್ನೂ ಬಿಳುಪು ಮಾಡುವುದಕ್ಕೆ, ಕೊಳೆನೀರನ್ನು ಶುದ್ಧಿಗೊಳಿಸುವುದಕ್ಕೆ ಈ ದ್ರವವನ್ನು ಆರಿಸಿಕೊಳ್ಳುವುದು ಈ ಗುಣದಿಂದಲೇ. ಪ್ರಪಂಚದಲ್ಲಿ ವರ್ಷಕ್ಕೆ ಹಲವು ದಶಲಕ್ಷ ಟನ್ನುಗಳಷ್ಟು ತಯಾರಾಗುತ್ತಿದೆ.

ಕಳೆದ ಹತ್ತು ಹನ್ನೆರಡು ವರ್ಷಗಳಿಂದ ವಿಜ್ಞಾನ ಪತ್ರಿಕೆಗಳಲ್ಲಿ ಒಂದು ಹೊಸ ಮಾತು ಕೇಳಿಬರುತ್ತಿದೆ. ಲೋಹದ ಸೋಂಕಿಲ್ಲದ, ಸೂಕ್ಷ್ಮ ರಂಧ್ರಗಳಿಂದ ತುಂಬಿದ ಪುಡಿಯೊಂದನ್ನು ನೀರಿನಲ್ಲಿ ಕದಡಿ, ಗಾಳಿಯಾಡಿಸಿ, ಬಿಸಿಲಿನಲ್ಲಿಟ್ಟರೆ ಪೆರಾಕ್ಸೈಡ್ ಹುಟ್ಟುತ್ತದೆ ಎಂಬುದೇ ಆ ಮಾತು. ಇದನ್ನು ಇಪ್ಪತ್ತೊಂದನೆಯ ಶತಮಾನದ ಕೇವಲ ನೂತನ ಸೃಷ್ಟಿಯೆಂದು ವರ್ಣಿಸುವುದು ವಾಡಿಕೆಯಾಗುತ್ತಿದೆ. ಈ ಅಭಿಪ್ರಾಯ ಅರ್ಧಸತ್ಯವೆಂಬುದು ನಮ್ಮ ವಾದ. ಈ ದ್ರವವನ್ನು ಕಂಡುಹಿಡಿದ ವರ್ಷದಲ್ಲಿಯೇ ಅದರೊಡನೆ ಎರಡು ಪ್ರಶ್ನೆಗಳು ಹುಟ್ಟಿಕೊಂಡವು. ಒಂದು, ಇದರಲ್ಲಿರುವ ಹೆಚ್ಚಿನ ಆಮ್ಲಜನಕ ಎಲ್ಲಿಂದ ಬಂದು ಎಲ್ಲಿ ನೆಲೆಸಿತು ಎಂಬುದು. ಇನ್ನೊಂದು, ಲೋಹವು ಸೋಕಿದೊಡನೆ ಇದು ಏಕೆ ಮುರಿದುಹೋಗುತ್ತದೆ ಎಂಬುದು. ಮುಂದಿನ ಇನ್ನೂರು ವರ್ಷಗಳ ತಯಾರಿಕೆಯ ಇತಿಹಾಸವು ಈ ಎರಡು ಪ್ರಶ್ನೆಗಳ ಸುತ್ತಲೇ ನಡೆದಿದೆ. ಇಂದಿನ ಲೋಹರಹಿತ ಪುಡಿಗಳು ಅವಕ್ಕೆ ದೊರೆತ ಇತ್ತೀಚಿನ ಉತ್ತರ, ಕೊನೆಯ ಉತ್ತರವಲ್ಲ.

೨

೧೮೧೮ರಲ್ಲಿ ಪ್ಯಾರಿಸ್ಸಿನ ಲೂಯಿ ಜಾಕ್ ತೆನಾರನು ಬೇರಿಯಂ ಪೆರಾಕ್ಸೈಡನ್ನು ಆಮ್ಲಗಳಲ್ಲಿ ಕರಗಿಸುವ ಪ್ರಯೋಗಗಳನ್ನು ನಡೆಸುತ್ತಿದ್ದನು. ೧೭೭೭ರಲ್ಲಿ ರೈತ ಕುಟುಂಬವೊಂದರಲ್ಲಿ ಹುಟ್ಟಿ, ಸ್ವಂತ ಪರಿಶ್ರಮದಿಂದ ಪ್ರಾಧ್ಯಾಪಕನಾದವನು ಈತ. ಬೇರಿಯಂ ಪೆರಾಕ್ಸೈಡಿನಲ್ಲಿ ಹೆಚ್ಚಾಗಿದ್ದ ಆಮ್ಲಜನಕವು ಅನಿಲವಾಗಿ ಹೊರಬೀಳದೆ ದ್ರವದಲ್ಲಿಯೇ ಉಳಿದುಕೊಂಡುದನ್ನು ಕಂಡು, ಆಮ್ಲಜನಕವು ಆಮ್ಲದೊಡನೆ ಕೂಡಿ ಹೊಸದೊಂದು ಬಗೆಯ ಆಮ್ಲವಾಗಿದೆಯೆಂದು ತೆನಾರನು ಮೊದಲು ನಿರ್ಣಯಿಸಿದನು. ಹಾಗೆಯೇ ಪ್ರಕಟಿಸಿಯೂ ಬಿಟ್ಟನು. ಆದರೆ ಪ್ರಯೋಗವನ್ನು ಅಲ್ಲಿಗೆ ನಿಲ್ಲಿಸಲಿಲ್ಲ. ಆಮ್ಲವನ್ನು ಹಂತಹಂತವಾಗಿ ತೆಗೆದುಹಾಕುತ್ತ ಬಂದಾಗ ಆಮ್ಲವೆಲ್ಲ ಹೋದರೂ ಆಮ್ಲಜನಕ ಉಳಿದಿತ್ತು. ಅದು ಕೂಡಿಕೊಂಡಿದ್ದುದು ಆಮ್ಲದೊಡನೆ ಅಲ್ಲ, ನೀರಿನೊಡನೆ. ಅದೇ ವರ್ಷ ಮುಗಿಯುವುದರೊಳಗೆ ಆತನು ತನ್ನ ಮಾತನ್ನು ತಾನೇ ತಿದ್ದಿಕೊಂಡು, ಆ ದ್ರವವನ್ನು ‘ಆಮ್ಲಜನಕಯುಕ್ತ ಜಲ’ವೆಂದು ಕರೆದನು. ಅದನ್ನು ನಿರ್ವಾತದಲ್ಲಿ ಸಾಂದ್ರಗೊಳಿಸಿ, ತನ್ನ ಗಾತ್ರದ ೪೭೫ರಷ್ಟು ಆಮ್ಲಜನಕವನ್ನು ಬಿಡಬಲ್ಲ ದ್ರವವನ್ನು ಪಡೆದನು.

ಮೊದಲ ಪ್ರಶ್ನೆ ಹೀಗೆ ಹುಟ್ಟಿತು. ಎರಡನೆಯದು ಅದರ ಬೆನ್ನಿಗೇ ಬಂದಿತು. ನುಣ್ಣಗೆ ಪುಡಿಮಾಡಿದ ಬೆಳ್ಳಿ, ಚಿನ್ನ, ಪ್ಲಾಟಿನಂಗಳೂ ಮ್ಯಾಂಗನೀಸಿನ ಡೈಆಕ್ಸೈಡೂ ಸೋಕಿದೊಡನೆ ಈ ದ್ರವವು ಬಿಸಿಯಾಗಿ, ಬುಸುಗುಟ್ಟಿ, ಆಮ್ಲಜನಕವನ್ನು ಹೊರಚೆಲ್ಲಿ ನೀರಾಗಿಬಿಡುವುದನ್ನು ತೆನಾರನು ಕಂಡನು. ಆಶ್ಚರ್ಯದ ಸಂಗತಿಯೆಂದರೆ ಚಿನ್ನವೂ ಪ್ಲಾಟಿನಮ್ಮೂ ಮೊದಲಿದ್ದಂತೆಯೇ ಇದ್ದವು. ಬೆಂಕಿ ಹಚ್ಚಿದವನ ಕೈ ಸುಡದೆ ಉಳಿದಂತೆ ಇತ್ತು ಇದು. ರಕ್ತದಿಂದ ತೆಗೆದ ನಾರಿನಂಥ ಪದಾರ್ಥವೂ ಇದೇ ಕೆಲಸವನ್ನು ಮಾಡಿತು. ಆಮ್ಲಗಳು ಮಾತ್ರ ದ್ರವವನ್ನು ಮುರಿಯದೆ ಕಾಪಾಡುತ್ತಿದ್ದವು. ಸ್ವೀಡನ್ನಿನ ಬರ್ಜೀಲಿಯಸ್ಸನು ೧೮೩೫ರಲ್ಲಿ ಇಂಥ ಅನುಭವಗಳನ್ನೆಲ್ಲ ಒಂದೆಡೆ ಸೇರಿಸಿ, ತಾನು ಬದಲಾಗದೆ ಇತರ ದ್ರವ್ಯಗಳನ್ನು ಬದಲಾಯಿಸುವ ಈ ಗುಣಕ್ಕೆ ಹೆಸರಿಟ್ಟನು. ಇಂದು ನಾವು ವೇಗವರ್ಧನವೆಂದು ಕರೆಯುವ ಕಲ್ಪನೆ ಅದು. ಆ ಕಲ್ಪನೆಯ ಅಡಿಗಲ್ಲುಗಳಲ್ಲಿ ತೆನಾರನ ಪೆರಾಕ್ಸೈಡ್ ಒಂದು. ವೇಗವರ್ಧಕವು ಇತಿಹಾಸದಲ್ಲಿ ಈ ದ್ರವವನ್ನು ಕಟ್ಟುವವನಾಗಿ ಅಲ್ಲ, ಕೆಡಹುವವನಾಗಿ ಮೊದಲು ಕಾಣಿಸಿಕೊಂಡಿತೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ನಮ್ಮ ಗಾಯದ ಮೇಲಿನ ನೊರೆಯೂ ಈ ಕಥೆಗೇ ಸೇರಿದುದು. ರಕ್ತದಲ್ಲಿಯೂ ಅಂಗಾಂಶಗಳಲ್ಲಿಯೂ ಇರುವ ಕೆಟಲೇಸ್ ಎಂಬ ಕಿಣ್ವವು ಪೆರಾಕ್ಸೈಡನ್ನು ಒಡೆಯುತ್ತದೆ. ಆ ಕಿಣ್ವದ ನಡುವೆ ಇರುವುದು ಕಬ್ಬಿಣ. ಅಲ್ಲಿಯೂ ಮುರಿಯುವ ಕೈ ಲೋಹದ್ದೇ.

೩

ಮುರಿಯುವುದು ಲೋಹವೆಂದು ತಿಳಿದಿದ್ದರೂ ಲೋಹವಿಲ್ಲದೆ ತಯಾರಿಸುವ ದಾರಿ ಉದ್ಯಮಕ್ಕೆ ಇರಲಿಲ್ಲ. ಮೊದಲ ಅರ್ಧಶತಮಾನ ಪೆರಾಕ್ಸೈಡ್ ಪ್ರಯೋಗಶಾಲೆಯ ಕುತೂಹಲವಾಗಿಯೇ ಉಳಿಯಿತು. ೧೮೭೩ರಲ್ಲಿ ಬರ್ಲಿನ್ನಿನ ಷೆರಿಂಗ್ ಸಂಸ್ಥೆಯು ತೆನಾರನ ಬೇರಿಯಂ ಮಾರ್ಗದಿಂದಲೇ ಅದನ್ನು ಮಾರಾಟಕ್ಕಾಗಿ ತಯಾರಿಸತೊಡಗಿತು. ಇಂಗ್ಲೆಂಡಿನಲ್ಲಿ ೧೮೮೮ರಲ್ಲಿ ಬರ್ನಾರ್ಡ್ ಲಾಪೋರ್ಟನು ಯಾರ್ಕ್‌ಷೈರಿನ ಷಿಪ್ಲಿಯಲ್ಲಿ ಕಾರ್ಖಾನೆ ಹೂಡಿದನು. ಹುಲ್ಲಿನ ಟೋಪಿಗಳನ್ನು ಬಿಳುಪು ಮಾಡುವವರು ಅವನ ಮೊದಲ ಗಿರಾಕಿಗಳಲ್ಲಿ ಸೇರಿದ್ದರು. ಬೇರಿಯಂ ಮಾರ್ಗದಿಂದ ದೊರೆತ ದ್ರವವು ತೆಳುವಾದುದು, ಬೆರಕೆಯಿಂದ ಕೂಡಿದುದು, ಬೇಗ ಕೆಡುವಂಥದು.

ಎರಡನೆಯ ಹಂತ ವಿದ್ಯುತ್ತಿನದು. ಗಂಧಕಾಮ್ಲದಲ್ಲಿ ಪ್ಲಾಟಿನಂ ಫಲಕಗಳ ಮೂಲಕ ವಿದ್ಯುತ್ತನ್ನು ಹಾಯಿಸಿ, ಅದರಿಂದುಂಟಾದ ಪರ್‌ಸಲ್ಫ್ಯೂರಿಕ್ ಆಮ್ಲವನ್ನು ನೀರಿನಿಂದ ಒಡೆದು ಪೆರಾಕ್ಸೈಡನ್ನು ಪಡೆಯುವ ವಿಧಾನದ ಮೊದಲ ಕಾರ್ಖಾನೆ ೧೯೦೮ರಲ್ಲಿ ಆಸ್ಟ್ರಿಯಾದ ವೈಸೆನ್‌ಸ್ಟೈನಿನಲ್ಲಿ ಕೆಲಸ ಆರಂಭಿಸಿತು. ಬೇರಿಯಂ ಹೋಯಿತು, ಪ್ಲಾಟಿನಂ ಬಂದಿತು. ದ್ರವ ಹೆಚ್ಚು ಶುದ್ಧವಾಯಿತು; ವಿದ್ಯುತ್ತಿನ ವೆಚ್ಚವೂ ಹೆಚ್ಚಾಯಿತು.

ಮೂರನೆಯ ಹಂತವೇ ಇಂದಿಗೂ ನಡೆಯುತ್ತಿರುವುದು. ಜರ್ಮನಿಯ ಲುಡ್ವಿಗ್ಸ್‌ಹಾಫೆನ್ನಿನಲ್ಲಿ ರೀಡ್ಲ್ ಮತ್ತು ಫ್ಲೈಡರರ್ ಎಂಬವರು ೧೯೩೫ರಿಂದ ಮುಂದಿನ ಹತ್ತು ವರ್ಷಗಳಲ್ಲಿ ಆಂತ್ರಕ್ವಿನೋನ್ ವಿಧಾನವನ್ನು ರೂಪಿಸಿದರು. ಇದರ ಜಾಣ್ಮೆಯಿರುವುದು ಕಟ್ಟುವ ಸ್ಥಳವನ್ನೂ ಲೋಹವಿರುವ ಸ್ಥಳವನ್ನೂ ಬೇರ್ಪಡಿಸಿದ್ದರಲ್ಲಿ. ಆಂತ್ರಕ್ವಿನೋನ್ ಎಂಬ ಸಾವಯವ ದ್ರವ್ಯವು ಒಂದು ಪಾತ್ರೆಯಲ್ಲಿ ಲೋಹದ ನೆರವಿನಿಂದ ಜಲಜನಕವನ್ನು ಹೊತ್ತುಕೊಳ್ಳುತ್ತದೆ. ಲೋಹವಿಲ್ಲದ ಇನ್ನೊಂದು ಪಾತ್ರೆಗೆ ಹೋಗಿ ಅದನ್ನು ಗಾಳಿಯ ಆಮ್ಲಜನಕಕ್ಕೆ ಒಪ್ಪಿಸುತ್ತದೆ. ಬರಿಗೈಯಲ್ಲಿ ಹಿಂದಿರುಗಿ ಮತ್ತೆ ಹೊರೆ ಹೊರುತ್ತದೆ. ಲೋಹ ಇಂದು ಸಾಮಾನ್ಯವಾಗಿ ಪೆಲ್ಲೇಡಿಯಂ. ಅಮೆರಿಕೆಯ ಡ್ಯೂಪಾಂಟ್ ಸಂಸ್ಥೆಯು ೧೯೫೩ರಲ್ಲಿ ಈ ವಿಧಾನವನ್ನು ದೊಡ್ಡ ಪ್ರಮಾಣದಲ್ಲಿ ನಡೆಸಲಾರಂಭಿಸಿದ ಮೇಲೆ ಹಳೆಯ ವಿಧಾನಗಳು ಒಂದೊಂದಾಗಿ ಹಿಂದೆ ಸರಿದವು. ಈಗ ಜಗತ್ತಿನ ಪೆರಾಕ್ಸೈಡಿನಲ್ಲಿ ಶೇಕಡ ೯೦ಕ್ಕೂ ಹೆಚ್ಚು ಭಾಗ ಇದರಿಂದಲೇ ಬರುತ್ತಿದೆ.

ಇಷ್ಟು ಸಮರ್ಥವಾದ ವಿಧಾನವಿರುವಾಗ ಬಿಸಿಲಿನ ಮೊರೆಹೋಗುವ ಅಗತ್ಯವೇನೆಂದು ಕೇಳಬಹುದು. ಈ ವಿಧಾನಕ್ಕೆ ಬೇಕಾದ ಜಲಜನಕ ಬಹುಮಟ್ಟಿಗೆ ಭೂಮಿಯಿಂದ ತೆಗೆದ ನೈಸರ್ಗಿಕ ಅನಿಲದಿಂದ ಬರುತ್ತದೆ. ಕಾರ್ಖಾನೆ ಬೃಹತ್ತಾಗಿದ್ದರೆ ಮಾತ್ರ ಲಾಭ. ಆದುದರಿಂದ ಒಂದೆಡೆ ತಯಾರಿಸಿ, ಸಾಂದ್ರಗೊಳಿಸಿ, ದೂರಕ್ಕೆ ಸಾಗಿಸಿ, ಅಲ್ಲಿ ಮತ್ತೆ ನೀರು ಬೆರೆಸಿ ತೆಳುವಾಗಿಸಬೇಕಾಗುತ್ತದೆ. ಸಾಂದ್ರ ಪೆರಾಕ್ಸೈಡ್ ಎಂಥ ಸರಕೆಂಬುದಕ್ಕೆ ಯುದ್ಧದ ಇತಿಹಾಸ ಸಾಕ್ಷಿ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಸುಮಾರು ಶೇಕಡ ೮೦ರ ಪೆರಾಕ್ಸೈಡನ್ನು ಪರ್ಮಾಂಗನೇಟಿನಿಂದ ಒಡೆದು, ಆ ಉಗಿಯಿಂದ ವಿ-೨ ರಾಕೆಟ್ಟಿನ ಇಂಧನದ ಪಂಪುಗಳನ್ನು ತಿರುಗಿಸಿದರು. ಅಲ್ಲಿ ಮುರಿಯುವುದೇ ಉದ್ದೇಶವಾಗಿತ್ತು. ೨೦೦೦ದ ಆಗಸ್ಟಿನಲ್ಲಿ ರಷ್ಯದ ಕುರ್ಸ್ಕ್ ಜಲಾಂತರ್ಗಾಮಿಯಲ್ಲಿ ಅದು ಉದ್ದೇಶವಿಲ್ಲದೆ ನಡೆಯಿತು. ಟಾರ್ಪೆಡೊ ಒಂದರಿಂದ ಸೋರಿದ ಪೆರಾಕ್ಸೈಡೇ ಸ್ಫೋಟಕ್ಕೆ ಮೂಲವೆಂದು ಅಧಿಕೃತ ವಿಚಾರಣೆ ನಿರ್ಣಯಿಸಿತು. ೧೧೮ ಮಂದಿ ಮೃತರಾದರು. ಬೇಕಾದ ಸ್ಥಳದಲ್ಲಿಯೇ, ಬೇಕಾದಷ್ಟೇ ತೆಳುವಾಗಿ, ಬೇಕಾದಾಗ ಮಾತ್ರ ತಯಾರಿಸಿಕೊಳ್ಳಬೇಕೆಂಬ ಆಸೆಯ ಹಿಂದೆ ಈ ಕಾರಣಗಳೆಲ್ಲ ಇವೆ.

೪

ಬಿಸಿಲಿನ ಮಾರ್ಗ ಇದಕ್ಕಿಂತ ಹಳೆಯದು. ಬೊಲೋನ್ಯ ವಿಶ್ವವಿದ್ಯಾನಿಲಯದ ಜಾಕೊಮೊ ಚಾಮಿಚಾನನು ಗಾಜಿನ ಪಾತ್ರೆಗಳನ್ನು ಬಿಸಿಲಿಗೊಡ್ಡಿ ವರ್ಷಗಟ್ಟಲೆ ಪ್ರಯೋಗ ನಡೆಸಿದವನು. ೧೯೧೨ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಅಂತರರಾಷ್ಟ್ರೀಯ ರಸಾಯನ ಸಮ್ಮೇಳನದಲ್ಲಿ ಮಾತನಾಡುತ್ತ, ಕಲ್ಲಿದ್ದಲನ್ನು ನೆಚ್ಚಿರುವ ನಾಗರಿಕತೆಯು ಸೂರ್ಯನನ್ನು ನೆಚ್ಚಬಹುದೆಂದು ಈತನು ಪ್ರತಿಪಾದಿಸಿದನು.

ಹದಿನೈದು ವರ್ಷಗಳ ನಂತರ, ೧೯೨೭ರಲ್ಲಿ, ಸ್ವಿಟ್ಸರ್ಲೆಂಡಿನ ಜ್ಯೂರಿಕ್ಕಿನಲ್ಲಿ ಎಮಿಲ್ ಬೌರ್ ಮತ್ತು ನಾಯ್‌ವೈಲರ್ ಎಂಬವರು ಸತುವಿನ ಆಕ್ಸೈಡಿನ ಬಿಳಿಯ ಪುಡಿಯನ್ನು ನೀರಿನಲ್ಲಿ ಕದಡಿ, ಸಾವಯವ ದ್ರವ್ಯವನ್ನು ಬೆರೆಸಿ, ಗಾಳಿ ಬೆಳಕುಗಳಿಗೆ ಒಡ್ಡಿ, ಪೆರಾಕ್ಸೈಡ್ ಉಂಟಾಗುವುದನ್ನು ವರದಿಮಾಡಿದರು. ಇಂದಿನ ಪ್ರಯೋಗಗಳ ವಿನ್ಯಾಸವೆಲ್ಲ ಇಲ್ಲಿಯೇ ಇದೆ: ಪುಡಿ, ನೀರು, ಗಾಳಿ, ಬೆಳಕು. ಇಲ್ಲದುದು ಒಂದೇ, ಲೋಹದಿಂದ ಬಿಡುಗಡೆ.

ಈ ಕ್ರಿಯೆಯನ್ನು ಸ್ಥೂಲವಾಗಿ ಹೀಗೆ ತಿಳಿಯಬಹುದು. ಬೆಳಕು ಬಿದ್ದಾಗ ಪುಡಿಯ ಕಣದಲ್ಲಿ ಎಲೆಕ್ಟ್ರಾನೊಂದು ತನ್ನ ಸ್ಥಾನವನ್ನು ಬಿಟ್ಟು ಮೇಲೇಳುತ್ತದೆ. ಅದು ಬಿಟ್ಟ ಸ್ಥಾನ ತೆರವಾಗಿ ಉಳಿಯುತ್ತದೆ. ಮೇಲೆದ್ದ ಎಲೆಕ್ಟ್ರಾನುಗಳಲ್ಲಿ ಎರಡನ್ನು ಆಮ್ಲಜನಕದ ಅಣುವೊಂದು ಪಡೆದು, ಜಲಜನಕದ ಎರಡು ಅಯಾನುಗಳೊಡನೆ ಕೂಡಿದರೆ ಪೆರಾಕ್ಸೈಡ್ ಆಗುತ್ತದೆ. ಎರಡರ ಬದಲು ನಾಲ್ಕನ್ನು ಪಡೆದರೆ ಬರಿಯ ನೀರಾಗುತ್ತದೆ. ತೆರವಾದ ಸ್ಥಾನಗಳನ್ನು ತುಂಬಲು ಮತ್ತಾವುದಾದರೂ ದ್ರವ್ಯ ತನ್ನ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡಬೇಕು. ನೀರು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಸಾವಯವ ದ್ರವ್ಯ ಬಿಟ್ಟುಕೊಡುತ್ತದೆ, ಆದರೆ ಕೊಟ್ಟು ತಾನು ನಾಶವಾಗುತ್ತದೆ.

ಹೀಗಿರುವಾಗ ಬೆಳಕಿನಲ್ಲಿ ಹುಟ್ಟಿದ ಪೆರಾಕ್ಸೈಡಿನ ಆಮ್ಲಜನಕ ಗಾಳಿಯದೋ ನೀರಿನದೋ? ತೆನಾರನ ಮೊದಲ ಪ್ರಶ್ನೆ ಇನ್ನೊಂದು ರೂಪದಲ್ಲಿ ಮರಳಿ ಬಂದಿತು. ೧೯೫೪ರಲ್ಲಿ ಅಮೆರಿಕೆಯ ಕ್ಯಾಲ್ವರ್ಟ್ ಮತ್ತು ಸಂಗಡಿಗರು ತೂಕ ಹೆಚ್ಚಾದ ಆಮ್ಲಜನಕದ ಐಸೋಟೋಪನ್ನು ಗುರುತಾಗಿ ಬಳಸಿ ಇದಕ್ಕೆ ಉತ್ತರ ಕೊಟ್ಟರು: ಸತುವಿನ ಆಕ್ಸೈಡಿನ ಮೇಲೆ ಹುಟ್ಟಿದ ಪೆರಾಕ್ಸೈಡಿನ ಆಮ್ಲಜನಕವೆಲ್ಲ ಗಾಳಿಯಿಂದ ಬಂದುದು. ಲಿಪಿಯನ್ನು ನೋಡಿ ಶಾಸನದ ಕಾಲವನ್ನು ನಿರ್ಣಯಿಸುವಂತೆ ಪರಮಾಣುವಿನ ತೂಕವನ್ನು ನೋಡಿ ಅದರ ಊರನ್ನು ನಿರ್ಣಯಿಸಿದ ಈ ಪ್ರಯೋಗವು ಆಕರ ವಿಮರ್ಶೆಯ ಉತ್ತಮ ಮಾದರಿಯೆಂದು ನಾವು ಎಣಿಸುತ್ತೇವೆ.

೧೯೭೨ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೊಂಡಾ ಎಂಬವರು ಟೈಟೇನಿಯಂ ಡೈಆಕ್ಸೈಡಿನ ಮೇಲೆ ಬೆಳಕು ಬೀರಿ ನೀರನ್ನು ವಿಭಜಿಸಬಹುದೆಂದು ತೋರಿಸಿದ ಮೇಲೆ ಈ ಕ್ಷೇತ್ರಕ್ಕೆ ಹೊಸ ಜೀವ ಬಂದಿತು. ೧೯೮೮ರಲ್ಲಿ ಕಾರ್ಮನ್, ಬಾನೆಮನ್, ಹಾಫ್‌ಮನ್ ಎಂಬ ಮೂವರು ಟೈಟೇನಿಯಂ ಮತ್ತು ಸತುವಿನ ಆಕ್ಸೈಡುಗಳೊಡನೆ ಮರುಭೂಮಿಯ ಮರಳನ್ನೂ ಪರೀಕ್ಷಿಸಿ, ಬೆಳಕಿನಲ್ಲಿ ಅದರಿಂದಲೂ ಪೆರಾಕ್ಸೈಡ್ ಉಂಟಾಗುವುದನ್ನು ಕಂಡರು. ಆದರೂ ಇಳುವರಿ ಹೆಚ್ಚಲಿಲ್ಲ. ಹುಟ್ಟಿದ ಪೆರಾಕ್ಸೈಡ್ ಟೈಟೇನಿಯಂ ಆಕ್ಸೈಡಿನ ಮೇಲ್ಮೈಗೆ ಅಂಟಿಕೊಂಡು, ತನ್ನನ್ನು ಹುಟ್ಟಿಸಿದ ಬೆಳಕಿನಿಂದಲೇ ಮುರಿದುಹೋಗುತ್ತಿತ್ತು. ತೆನಾರನ ಎರಡನೆಯ ಪ್ರಶ್ನೆಯೂ ಹೀಗೆ ಮರಳಿ ಬಂದಿತು.

೫

ಉತ್ತರ ದೊರೆತುದು ಬಹುಕಾಲ ಮೂಲೆಯಲ್ಲಿ ಬಿದ್ದಿದ್ದ ಹಳದಿ ಪುಡಿಯೊಂದರಲ್ಲಿ. ಇಂಗಾಲ ಮತ್ತು ಸಾರಜನಕಗಳಿಂದಾದ ಈ ಪುಡಿಯನ್ನು ಬರ್ಜೀಲಿಯಸ್ಸನು ತಯಾರಿಸಿದನೆಂದೂ, ಲೀಬಿಗ್ಗನು ೧೮೩೪ರಲ್ಲಿ ಅದಕ್ಕೆ ‘ಮೆಲೊನ್’ ಎಂದು ಹೆಸರಿಟ್ಟನೆಂದೂ ಹೇಳುವುದು ರೂಢಿ. ವೇಗವರ್ಧನಕ್ಕೆ ಹೆಸರಿಟ್ಟವನ ಕೈಯಲ್ಲಿಯೇ ಮುಂದೊಂದು ದಿನ ವೇಗವರ್ಧಕವಾಗಲಿದ್ದ ಪುಡಿಯಿತ್ತು. ಆದರೆ ಅದರ ಉಪಯೋಗ ಯಾರಿಗೂ ತಿಳಿದಿರಲಿಲ್ಲ. ಯಾವ ದ್ರಾವಕದಲ್ಲಿಯೂ ಸುಲಭವಾಗಿ ಕರಗದ ಇದರ ರಚನೆಯನ್ನು ನಿರ್ಣಯಿಸುವುದೂ ಕಷ್ಟವಾಗಿತ್ತು. ೨೦೦೯ರಲ್ಲಿ ಜರ್ಮನಿಯ ಪಾಟ್ಸ್‌ಡ್ಯಾಮಿನ ಆಂಟೊನಿಯೆಟ್ಟಿ, ಚೀನದ ವಾಂಗ್, ಜಪಾನಿನ ಡೊಮೆನ್ ಮೊದಲಾದವರು ಕೂಡಿ, ಇದೇ ಬಗೆಯ ಇಂಗಾಲದ ನೈಟ್ರೈಡ್ ಕಣ್ಣಿಗೆ ಕಾಣುವ ಬೆಳಕಿನಲ್ಲಿ ನೀರಿನಿಂದ ಜಲಜನಕವನ್ನು ಬಿಡಿಸಬಲ್ಲುದೆಂದು ಪ್ರಕಟಿಸಿದರು. ಯೂರಿಯದಂಥ ಅಗ್ಗದ ಪದಾರ್ಥವನ್ನು ಕಾಯಿಸಿ ಇದನ್ನು ಪಡೆಯಬಹುದು.

ಪೆರಾಕ್ಸೈಡಿನ ಕಡೆಗೆ ಇದನ್ನು ತಿರುಗಿಸಿದವರಲ್ಲಿ ಒಸಾಕಾ ವಿಶ್ವವಿದ್ಯಾನಿಲಯದ ಶಿರಾಯಿಶಿ, ಹಿರಾಯಿ ಮತ್ತು ಸಂಗಡಿಗರು ಪ್ರಮುಖರು. ಇವರ ಕೆಲಸದ ಕ್ರಮವನ್ನು ಗಮನಿಸಬೇಕು. ೨೦೧೨ರಲ್ಲಿ ಇವರು ಟೈಟೇನಿಯಂ ಡೈಆಕ್ಸೈಡಿನ ಮೇಲೆ ಚಿನ್ನ ಬೆಳ್ಳಿಗಳ ಮಿಶ್ರಲೋಹದ ಕಣಗಳನ್ನು ಕೂರಿಸಿ ಪೆರಾಕ್ಸೈಡನ್ನು ಪಡೆದಿದ್ದರು. ತೆನಾರನು ಮುರಿಯುವ ಲೋಹಗಳೆಂದು ಗುರುತಿಸಿದ್ದ ಚಿನ್ನ ಬೆಳ್ಳಿಗಳೇ ಇವು. ಎರಡು ವರ್ಷಗಳಲ್ಲಿ ಅವರು ಲೋಹವನ್ನು ಪೂರ್ತಿಯಾಗಿ ಕೈಬಿಟ್ಟರು. ೨೦೧೪ರಲ್ಲಿ ಮೊದಲು ಮದ್ಯಸಾರ ಬೆರೆಸಿದ ನೀರಿನಲ್ಲಿ ಇಂಗಾಲದ ನೈಟ್ರೈಡಿನಿಂದಲೇ ಪೆರಾಕ್ಸೈಡನ್ನು ಪಡೆದರು. ಅದೇ ವರ್ಷ ಆ ಪುಡಿಯ ರಚನೆಯಲ್ಲಿ ಮತ್ತೊಂದು ಸಾವಯವ ಘಟಕವನ್ನು ಹೆಣೆದು, ಮದ್ಯಸಾರವಿಲ್ಲದೆ ನೀರು ಆಮ್ಲಜನಕಗಳಿಂದಲೇ ಪಡೆದುದನ್ನು ಪ್ರಕಟಿಸಿದರು. ೨೦೧೯ರಲ್ಲಿ ರಿಸಾರ್ಸಿನಾಲ್ ಮತ್ತು ಫಾರ್ಮಾಲ್ಡಿಹೈಡುಗಳಿಂದಾದ ರಾಳ ಇದೇ ಕೆಲಸವನ್ನು ಮಾಡಿತು. ಬೇಕಲೈಟಿನ ಹತ್ತಿರದ ಸಂಬಂಧಿಯಾದ ಈ ರಾಳವು ಬಿಸಿಲಿನ ಶಕ್ತಿಯಲ್ಲಿ ಶೇಕಡ ೦.೫ಕ್ಕೆ ತುಸು ಹೆಚ್ಚನ್ನು ಪೆರಾಕ್ಸೈಡಿನ ರೂಪದಲ್ಲಿ ಹಿಡಿದಿಟ್ಟಿತು.

ಇನ್ನು ರಂಧ್ರಗಳ ವಿಚಾರ. ಕ್ರಿಯೆ ನಡೆಯುವುದು ಮೇಲ್ಮೈಯಲ್ಲಿ; ರಂಧ್ರಗಳು ಹೆಚ್ಚಿದಷ್ಟೂ ಮೇಲ್ಮೈ ಹೆಚ್ಚುತ್ತದೆ. ೨೦೦೫ರಲ್ಲಿ ಅಮೆರಿಕೆಯ ಮಿಷಿಗನ್ನಿನಲ್ಲಿದ್ದ ಒಮರ್ ಯಾಘಿ ಮತ್ತು ಸಂಗಡಿಗರು ಹಗುರ ಪರಮಾಣುಗಳನ್ನೇ ಬಲವಾದ ಬಂಧಗಳಿಂದ ಕ್ರಮವಾಗಿ ಹೆಣೆದು ಸರಂಧ್ರ ಸಾವಯವ ಚೌಕಟ್ಟುಗಳನ್ನು ನಿರ್ಮಿಸಿದರು. ಅವುಗಳಲ್ಲೊಂದರ ಒಂದು ಗ್ರಾಂ ಪುಡಿಯೊಳಗೆ ೧೫೯೦ ಚದರ ಮೀಟರು ಮೇಲ್ಮೈ ಇತ್ತು. ೨೦೨೫ರಲ್ಲಿ ಯಾಘಿಯವರಿಗೆ ಇತರ ಇಬ್ಬರೊಡನೆ ನೊಬೆಲ್ ಪಾರಿತೋಷಕ ಬಂದುದು ಲೋಹವಿರುವ ಚೌಕಟ್ಟುಗಳಿಗಾಗಿ. ನಮ್ಮ ಕಥೆಗೆ ಸಂಬಂಧಿಸಿದುದು ಅವರ ಲೋಹವಿಲ್ಲದ ಚೌಕಟ್ಟು. ೨೦೨೦ರಲ್ಲಿ ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾನಿಲಯದವರು ಇಂಥ ಚೌಕಟ್ಟಿನಿಂದ ಮದ್ಯಸಾರ ಬೆರೆತ ನೀರಿನಲ್ಲಿಯೂ, ಚೀನದ ಹೆಫೆಯವರು ಟ್ರೈಅಜೀನ್ ಚೌಕಟ್ಟಿನಿಂದ ಬರಿಯ ನೀರಿನಲ್ಲಿಯೂ ಪೆರಾಕ್ಸೈಡನ್ನು ಪಡೆದರು.

೬

ಈ ಇತಿಹಾಸವನ್ನು ಲೋಹದಿಂದ ಬಿಡುಗಡೆಯ ವಿಜಯಗಾಥೆಯೆಂದು ಮುಗಿಸುವುದು ಸುಲಭ. ಆಧಾರಗಳು ಅದಕ್ಕೆ ಪೂರ್ತಿಯಾಗಿ ಒಪ್ಪುವುದಿಲ್ಲ.

ಮೊದಲನೆಯದಾಗಿ, ಮುರಿಯುವ ಗುಣ ಲೋಹವೊಂದಕ್ಕೇ ಮೀಸಲಲ್ಲ. ಒಸಾಕಾದವರೇ ೨೦೧೫ರಲ್ಲಿ ಇಂಗಾಲದ ನೈಟ್ರೈಡನ್ನು ಬೇರೆ ಬೇರೆ ಪ್ರಮಾಣದ ರಂಧ್ರಗಳೊಡನೆ ತಯಾರಿಸಿ ಹೋಲಿಸಿದರು. ಗ್ರಾಮಿಗೆ ಸುಮಾರು ೯೦ ಚದರ ಮೀಟರು ಮೇಲ್ಮೈಯುಳ್ಳ ಪುಡಿ ಅತ್ಯುತ್ತಮ ಫಲ ಕೊಟ್ಟಿತು. ರಂಧ್ರಗಳನ್ನು ಇನ್ನೂ ಹೆಚ್ಚಿಸಿದಾಗ ಮೇಲ್ಮೈಯ ದೋಷಸ್ಥಾನಗಳೂ ಹೆಚ್ಚಿ, ಅವು ಹುಟ್ಟಿದ ಪೆರಾಕ್ಸೈಡನ್ನು ಮುರಿಯತೊಡಗಿದವು. ಕಟ್ಟುವ ಕೈಯೇ ಮುರಿಯುವ ಕೈಯಾಗುವ ತೊಡಕು ಲೋಹದೊಡನೆ ಹೊರಟುಹೋಗಲಿಲ್ಲ. ರಂಧ್ರದೊಳಗೆ ಅಡಗಿ ಕುಳಿತಿತು.

ಎರಡನೆಯದಾಗಿ, 'ಲೋಹರಹಿತ' ಎಂಬ ಮಾತನ್ನು ಪರೀಕ್ಷಿಸದೆ ಒಪ್ಪಲಾಗದು. ಇಂಥ ಸಾವಯವ ಪುಡಿಗಳಲ್ಲಿ ಕೆಲವನ್ನು ಪೆಲ್ಲೇಡಿಯಮ್ಮಿನ ನೆರವಿನಿಂದ ಹೆಣೆಯುತ್ತಾರೆ. ತೊಳೆದ ಮೇಲೂ ಅದರ ಲೇಶ ಉಳಿದಿರಬಹುದು. ಉಳಿದ ಲೇಶವೇ ಫಲಿತಾಂಶವನ್ನು ಬದಲಾಯಿಸಬಹುದು.

ಮೂರನೆಯದಾಗಿ, ಮದ್ಯಸಾರವನ್ನು ಬೆರೆಸಿ ಪಡೆದ ಫಲವನ್ನು ನೀರು ಗಾಳಿಗಳಿಂದಲೇ ಪಡೆದ ಫಲದ ಜೊತೆಗೆ ಒಂದೇ ಪಂಕ್ತಿಯಲ್ಲಿ ಕೂರಿಸಬಾರದು. ಮೊದಲನೆಯದು ಬೌರನ ಕಾಲದಿಂದ ನಡೆದುಬಂದುದು. ಅದರಲ್ಲಿ ಮದ್ಯಸಾರವೂ ವೆಚ್ಚವಾಗುತ್ತದೆ. ಎರಡನೆಯದೇ ನಿಜವಾಗಿ ಹೊಸತು, ನಿಜವಾಗಿ ಕಷ್ಟವಾದುದು.

ಪ್ರಮಾಣದ ಅರಿವೂ ಇರಬೇಕು. ಔಷಧದಂಗಡಿಯ ಶೇಕಡ ೩ರ ದ್ರವದಲ್ಲಿ ಲೀಟರಿಗೆ ಸುಮಾರು ೩೦ ಗ್ರಾಂ ಪೆರಾಕ್ಸೈಡ್ ಇರುತ್ತದೆ. ಬಿಸಿಲಿನ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ದೊರೆಯುವುದು ಲೀಟರಿಗೆ ಕೆಲವು ಮಿಲಿಮೋಲುಗಳು. ಒಂದು ಮಿಲಿಮೋಲೆಂದರೆ ೩೪ ಮಿಲಿಗ್ರಾಂ. ಕಾಗದದ ಕಾರ್ಖಾನೆಗೆ ಇದು ಸಾಲದು. ಆದರೆ ಕುಡಿಯುವ ನೀರಿನ ಶುದ್ಧೀಕರಣದಂಥ, ತೆಳುವಾದ ದ್ರವವೇ ಬೇಕಾಗುವ ಕೆಲಸಗಳ ದೃಷ್ಟಿಯಿಂದ ಅಲ್ಲಗಳೆಯುವಂಥದೂ ಅಲ್ಲ. ಸಾಂದ್ರಗೊಳಿಸುವ, ಸಾಗಿಸುವ, ಮತ್ತೆ ತೆಳುವಾಗಿಸುವ ಮೂರು ಶ್ರಮಗಳು ಅಲ್ಲಿ ಉಳಿಯುತ್ತವೆ.

ತೆನಾರನು ಆರು ತಿಂಗಳೊಳಗೆ ತನ್ನ ಮಾತನ್ನು ತಿದ್ದಿಕೊಂಡುದು, ಅವನ ಸಂಶೋಧನೆಯಷ್ಟೇ ಮುಖ್ಯವಾದ ಘಟನೆಯೆಂದು ನಮಗೆ ತೋರುತ್ತದೆ. ಆಮ್ಲವನ್ನು ತೆಗೆದು ನೋಡಿದುದರಿಂದ ಸತ್ಯ ಹೊರಬಿತ್ತು. ಮುಂದೆ ಈ ಬಗೆಯ ಪುಡಿಯೊಂದರ ವರದಿ ಕೈಸೇರಿದಾಗ, ವಿಜ್ಞಾನದ ವಿದ್ಯಾರ್ಥಿಯಾಗಲಿ ಇತಿಹಾಸದ ವಿದ್ಯಾರ್ಥಿಯಾಗಲಿ ಮದ್ಯಸಾರವನ್ನು ತೆಗೆದು ನೋಡಿದರೇ, ಉಳಿದ ಲೋಹವನ್ನು ಅಳೆದರೇ, ಆಮ್ಲಜನಕದ ಮೂಲವನ್ನು ಗುರುತಿಟ್ಟು ಹುಡುಕಿದರೇ ಎಂಬ ಮೂರು ಪ್ರಶ್ನೆಗಳನ್ನು ಕೇಳಬಹುದು. ಮೂರಕ್ಕೂ ಹೌದೆಂಬ ಉತ್ತರ ದೊರೆತ ವರದಿಯನ್ನು ೧೮೧೮ರಿಂದ ನಡೆದುಬಂದ ಸಾಲಿನಲ್ಲಿ ನಿಸ್ಸಂದೇಹವಾಗಿ ಸೇರಿಸಬಹುದೆಂಬುದು ನಮ್ಮ ನಮ್ರವಾದ ಅಭಿಪ್ರಾಯ.